ನಲವತ್ತು ಹಾಳೆಯ ಕಂಬಳಿ

ನೀಲಾಳ ಎಡಗೈಯ ಕೊನೆಯ ಎರಡು ಬೆರಳು ಮಡಚುವುದಿಲ್ಲ. ಮೂರು ವರ್ಷದ ಹಿಂದೆ, ಖಾನಾಪುರದ ಹತ್ತಿರ ಕುರುಬರ ಹಟ್ಟಿಯಲ್ಲಿ ಸಂಸಾರ ಇದ್ದಾಗ, ಗಂಡ ಬೀರೇಶ ಅವುಗಳ ಮೇಲೆ ಖಾರ ಅರೆಯುವ ಗುಂಡುಕಲ್ಲು ಎತ್ತಿ ಹಾಕಿದ್ದ. ಕಾರಣ? ಅಯ್ಯೋ, ಕಾರಣ ಕೇಳಲೇಬೇಡಿ. ರೊಟ್ಟಿ ಆರಿತ್ತು ಅಂತಲೋ, ಕರೆದಾಗ ಓಗೊಡಲಿಲ್ಲ ಅಂತಲೋ. ಹೊಡೆಯಲು ನಿಂತವನಿಗೆ ಕಾರಣದ ಬರ ಎಲ್ಲಿಯದು! "ಇವತ್ತ ಎಡಗೈ. ಮುಂದಿನ ಸಲ ಬಲಗೈ," ಅಂತ ಹೇಳಿ, ಕೈ ತೊಳೆದುಕೊಂಡು ಊಟಕ್ಕೆ ಕೂತಿದ್ದ ಆ ಪುಣ್ಯಾತ್ಮ.

ನೀಲಾ ಸುಮ್ಮನೆ ಕೂರಲಿಲ್ಲ. ಜಜ್ಜಿದ ಬೆರಳಿಗೆ ಸೆರಗು ಸುತ್ತಿಕೊಂಡು ಖಾನಾಪುರಕ್ಕೆ ನಡೆದುಹೋಗಿ, ಪೊಲೀಸ್ ಠಾಣೆಯಲ್ಲಿ ದೂರು ಬರೆಸಿ ಬಂದಳು. ಅದಕ್ಕೆ ನೋಡಿ, ಹಟ್ಟಿಗೆ ಹಟ್ಟಿಯೇ ಎದ್ದು ಕೂತಿತು. ಬೆರಳು ಮುರಿದಾಗ ಎಲ್ಲರಿಗೂ ನಿದ್ದೆ, ದೂರು ಬರೆಸಿದಾಗ ಎಲ್ಲರಿಗೂ ಎಚ್ಚರ. ಮರುದಿನ ಬೆಳಿಗ್ಗೆ ಬೀರಪ್ಪನ ಗುಡಿಯ ಕಟ್ಟೆಯಲ್ಲಿ ಹಿರಿಯರು ಸೇರಿದರು. ಹಿರಿಯ ಭರಮಪ್ಪ ಕಂಬಳಿ ಹಾಸಿಸಿದ. ಅದು ಬೀರೇಶನ ಅಪ್ಪ, ತೀರಿಹೋದ ಲಕ್ಷ್ಮಪ್ಪನ ಕರಿ ಕಂಬಳಿ. ಮೂವತ್ತು ವರ್ಷ ಕುರಿಗಳ ಹಿಂದೆ ಅವನ ಹೆಗಲ ಮೇಲೆ ಮಳೆಗಾಲ ಕಳೆದದ್ದು. ಅದರ ಮೇಲೆ ಭಂಡಾರದ ಅರಿಶಿನ ಚೆಲ್ಲಿ, ಗಂಡ ಹೆಂಡತಿ ಇಬ್ಬರನ್ನೂ ಎದುರುಬದುರು ಕೂಡಿಸಿದರು.

"ಬೀರೇಶ, ನೀ ಇಕಿ ಮ್ಯಾಲೆ ಕೈ ಎತ್ತಬಾರದು," ಅಂದ ಭರಮಪ್ಪ. "ನೀಲಾ, ನೀನೂ ಗಂಡನ ಮ್ಯಾಲೆ ಕೈ ಎತ್ತಬಾರದು, ಠಾಣೆ ಮೆಟ್ಟಲಾ ತುಳೀಬಾರದು. ಬರಸಿದ ಅರ್ಜಿ ಹಿಂದ ತಗೋ. ಈ ಕಂಬಳಿ ಇರೂತನಾ ಈ ಆಣಿ. ಮುಟ್ಟರಿ ಇಬ್ಬರೂ."

ಇಬ್ಬರೂ ಮುಟ್ಟಿದರು. ಎಂಥ ನ್ಯಾಯ ನೋಡಿ! ಮುರಿದದ್ದು ಅವಳ ಬೆರಳು, ಆಣೆ ಮಾತ್ರ ಇಬ್ಬರಿಗೂ ಸಮಪಾಲು. ಹಟ್ಟಿಯಲ್ಲಿ ಹುಟ್ಟಿ ಬೆಳೆದವರಿಗೆ ಕಂಬಳಿಯ ಆಣೆ ಅಂದರೆ ಆಟವಲ್ಲ. ಅದನ್ನು ಮುರಿದವರ ವಂಶ ಉಳಿಯುವುದಿಲ್ಲ ಅಂತ ನೀಲಾ ಸಣ್ಣವಳಿದ್ದಾಗಿನಿಂದ ಕೇಳಿದ್ದಳು, ನಂಬಿದ್ದಳು. ಬೀರೇಶನೂ ನಂಬಿದ್ದ. ಕಂಬಳಿಯನ್ನು ಬೇವಿನೆಲೆ ಹಾಕಿ ಮಡಚಿ, ಬೀರೇಶನ ತಾಯಿ ಸಾವಂತ್ರವ್ವ ತನ್ನ ಟ್ರಂಕಿನಲ್ಲಿಟ್ಟು ಕೀಲಿ ಹಾಕಿದಳು. ಸಾವಂತ್ರವ್ವ ನೀಲಾಳಿಗೆ ಅತ್ತೆಯೂ ಹೌದು, ಅಪ್ಪನ ಅಕ್ಕ ಸೋದರತ್ತೆಯೂ ಹೌದು.

ಆಮೇಲೆ ಬೀರೇಶನಿಗೆ ಬೆಳಗಾವಿ ಪಕ್ಕದ ಮಚ್ಛೆಯ ಒಂದು ಸಣ್ಣ ಕಾರ್ಖಾನೆಯಲ್ಲಿ ತಗಡು ಕತ್ತರಿಸುವ ಕೆಲಸ ಸಿಕ್ಕಿತು. ಮೂವರೂ ಬೆಳಗಾವಿಗೆ ಬಂದು, ವಡಗಾವಿಯ ನೇಕಾರರ ಒಂದು ಗಲ್ಲಿಯಲ್ಲಿ ಬಾಡಿಗೆ ಮನೆ ಹಿಡಿದರು. ಟ್ರಂಕೂ ಜೊತೆಗೆ ಬಂತು.

ಮೂರು ವರ್ಷ ಬೀರೇಶ ಹೆಂಡತಿಗೆ ಹೊಡೆಯಲಿಲ್ಲ. ಅಷ್ಟರಮಟ್ಟಿಗೆ ಮಾತು ಉಳಿಸಿಕೊಂಡ. ಬದಲಿಗೆ ಅವಳ ಮುಂದೆಯೇ ಅವಳು ಸಾಕಿದ್ದ ಮೂರು ಕೋಳಿಗಳ ಕುತ್ತಿಗೆ ತಿರುವಿದ. ಅವಳ ಹೊಲಿಗೆ ಮಷೀನನ್ನು ಮೆಟ್ಟಿಲ ಮೇಲಿಂದ ಉರುಳಿಸಿದ. ಅವಳ ತವರಿನ ಸೀರೆಗೆ ಕಡ್ಡಿ ಕೊರೆದು, ಅದು ಉರಿದು ಮುಗಿಯುವ ತನಕ ಅವಳನ್ನು ಎದುರಿಗೆ ನಿಲ್ಲಿಸಿದ. ಒಮ್ಮೊಮ್ಮೆ ಕೈ ಬೀಸಿಕೊಂಡು ಬಂದು, ಕೆನ್ನೆಗೆ ಒಂದು ಬೆರಳಿನಷ್ಟು ದೂರದಲ್ಲಿ ನಿಲ್ಲಿಸಿ, "ಕಂಬಳಿ ಐತಿ ಅಂತ ಉಳದೀ ಬೇ," ಅಂತ ನಗುತ್ತಿದ್ದ. ಆ ನಗು ಇದೆಯಲ್ಲ, ಅದರ ಬದಲು ನಾಲ್ಕು ಏಟು ಬಿದ್ದರೂ ವಾಸಿ ಅನಿಸುತ್ತಿತ್ತು ಅವಳಿಗೆ.

ಈ ನರಕದ ನಡುವೆ ನೀಲಾಳ ಬಲಗೈ ಒಂದು ಕೆಲಸ ಕಲಿಯಿತು. ರವಿವಾರ ಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ಸಮೃದ್ಧಿ ಎಂಬಾಕೆಯ ಪರಿಚಯವಾಯಿತು. ಬಟ್ಟೆ, ಕಾಗದ, ಬಣ್ಣ, ಗುಂಡಿ, ಹಿತ್ತಾಳೆ ತಂತಿ ಎಲ್ಲ ಕೂಡಿಸಿ ಗೋಡೆಗೆ ಹಾಕುವ ಚೌಕಟ್ಟು, ಡೈರಿಯ ರಟ್ಟು ಮಾಡುವ ಕಲಾವಿದೆ ಆಕೆ. ಅದಕ್ಕೆ ಮಿಕ್ಸೆಡ್ ಮೀಡಿಯಾ ಅನ್ನುತ್ತಾರಂತೆ. ಆ ಕೆಲಸಕ್ಕೆ ಬೇಕಾದದ್ದು ಬಟ್ಟೆ ಕಾಗದ. ಅದನ್ನು ಮಾಡುವುದನ್ನು ಸಮೃದ್ಧಿಯೇ ನೀಲಾಳಿಗೆ ಕಲಿಸಿಕೊಟ್ಟಳು. ಪ್ಲಾಸ್ಟಿಕ್ ಹಾಸಿ, ಮೇಲೆ ತೆಳು ಮಾಂಜರಪಾಟು ಬಟ್ಟೆ ಹರಡಿ, ನೀರು ಬೆರೆಸಿದ ಗೋಂದನ್ನು ಕುಂಚದಿಂದ ಬಳಿಯಬೇಕು. ಅದರ ಮೇಲೆ ಚಿಂದಿ, ದಾರ, ಹರಿದ ಕಾಗದದ ಚೂರು ಹರಡಬೇಕು. ಎಲ್ಲದರ ಮೇಲೆ ಪೊರೆಯಂಥ ತೆಳು ಕಾಗದ ಮುಚ್ಚಿ, ಮತ್ತೆ ಗೋಂದು ಬಳಿದು, ಗಾಳಿಗುಳ್ಳೆ ನಿಲ್ಲದಂತೆ ಅಂಗೈಯಿಂದ ಒತ್ತಬೇಕು. ಒಂದು ದಿನ ನೆರಳಲ್ಲಿ ಒಣಗಿದರೆ ಕಾಗದದ ಹಾಗೆ ಗರಿಗರಿ, ಬಟ್ಟೆಯ ಹಾಗೆ ಹೊಲಿಯಲೂ ಬರುವಂಥ ಹಾಳೆ.

ಅಂಗಡಿಯ ಗೋಂದು ನೀಲಾಳಿಗೆ ಹಿಡಿಸಲಿಲ್ಲ. ಹಟ್ಟಿಯಲ್ಲಿ ಕಂಬಳಿ ನೇಯುವ ಮೊದಲು ನೂಲಿಗೆ ಹುಣಸೆ ಬೀಜದ ಗಂಜಿ ಬಳಿಯುವುದನ್ನು ಅವಳು ಕಂಡವಳು. ಬೀಜ ಹುರಿದು, ಸಿಪ್ಪೆ ಬಿಡಿಸಿ, ಅರೆದು, ಗೊಟಗೊಟ ಕುದಿಸಿದರೆ ಆಯಿತು. ಆ ಗಂಜಿ ಹಾಕಿದ ಹಾಳೆಯನ್ನು ಸಮೃದ್ಧಿ ಎಳೆದು ನೋಡಿದಳು, ಮಡಚಿ ನೋಡಿದಳು. "ಎಲ್ಲಿ ಕಲ್ತೀ ನೀ ಇದನ್ನ? ಇನ್ನ ಮುಂದ ನನಗ ಇದ ಬೇಕು," ಅಂದಳು. ಹುಟ್ಟಿದಾಗಿನಿಂದ ಅವಳ ಕೈಯ ಕೆಲಸವನ್ನು ಯಾರೂ ಹೀಗೆ ಹೊಗಳಿರಲಿಲ್ಲ. ಮನೆಗೆ ಬರುವ ದಾರಿಯುದ್ದಕ್ಕೂ ಅತ್ತಳು ಹುಚ್ಚಿ. ಆಮೇಲೆ ದಿನಾ ಕೆಲಸಕ್ಕೆ ಕೂರುವ ಮೊದಲು ಬಲಗೈಯ ಐದೂ ಬೆರಳನ್ನು ಒಮ್ಮೆ ಮಡಚಿ ಬಿಚ್ಚಿ ನೋಡುವುದು ಅವಳ ರೂಢಿಯಾಯಿತು.

ಈ ವರ್ಷ ಮಳೆಗಾಲ ಮುಗಿಯುತ್ತಿದ್ದಂತೆ ಸಮೃದ್ಧಿ ಹೊಸದೊಂದು ಬೇಡಿಕೆ ಇಟ್ಟಳು. "ನೀಲಾ, ಈ ಸಲ ಪ್ರದರ್ಶನಕ್ಕ ನಲವತ್ತ ಹಾಳಿ ಬೇಕು. ಒಳಗ ಕರಿ ಉಣ್ಣಿ ಎಳಿ ಕಾಣಬೇಕು. ಹಳೀ ಕಂಬಳಿ ತುಂಡ ಸಿಕ್ಕರ ಚಲೋ."

ನೀಲಾ ಮನೆಗೆ ಬಂದು ಅತ್ತೆಯ ಮುಂದೆ ಈ ಮಾತು ಹೇಳಿದಳು. ಒಳಗೆ ಊಟಕ್ಕೆ ಕೂತಿದ್ದ ಬೀರೇಶ ತುತ್ತು ನಿಲ್ಲಿಸಿ ಕೇಳಿಸಿಕೊಂಡ.

"ನಾ ತಂದ ಕೊಡ್ತೀನಿ," ಅಂದ. "ನಾಳಿ ಖಾನಾಪುರಕ್ಕ ಹೊಂಟೀನಿ. ಹಟ್ಟ್ಯಾಗ ಹರಕ ಕಂಬಳಿ ರಗಡ ಬಿದ್ದಿರ್ತಾವು."

ಹೇಳಿದಂತೆ ತಂದೂ ಕೊಟ್ಟ. ಮರುದಿನ ಸಂಜೆ ಬಸ್ಸಿನಿಂದಿಳಿದು, ಕರಿ ತುಂಡುಗಳು ತುಂಬಿದ ಚೀಲವನ್ನು ತಾನೇ ಹೊತ್ತುಕೊಂಡು ಬಂದು ಅವಳ ಮುಂದೆ ಇಳಿಸಿದ. ಗೇಣುದ್ದದ ತುಂಡುಗಳು, ಚೆನ್ನಾಗಿ ಒಗೆದವು. ಮದುವೆಯಾಗಿ ಒಂಬತ್ತು ವರ್ಷದಲ್ಲಿ ಆ ಮನುಷ್ಯ ಅವಳಿಗೋಸ್ಕರ ಒಂದು ಕೊಡ ನೀರು ಎತ್ತಿದವನಲ್ಲ. ದೇವರು ಇವನಿಗೆ ಬುದ್ಧಿ ಕೊಟ್ಟನೇನೋ ಅಂತ ಅವತ್ತು ಒಂದು ಚಮಚ ತುಪ್ಪ ಹೆಚ್ಚಿಗೇ ಬಡಿಸಿದಳು. ಹೆಣ್ಣುಜೀವ ಎಷ್ಟಕ್ಕೆಲ್ಲ ಕರಗುತ್ತದೆ ನೋಡಿ!

ಎರಡು ದಿನ ಕೂತು ಆ ತುಂಡುಗಳನ್ನು ತನ್ನ ಕೈಯಾರೆ ಕತ್ತರಿಸಿದಳು, ಎಳೆ ಎಳೆಯಾಗಿ ಬಿಡಿಸಿದಳು. ಮೂರನೆಯ ದಿನ ಗಂಜಿ ಕುದಿಸಿ, ಮಾಳಿಗೆಯ ಮೇಲೆ ತಗಡಿನ ಚಪ್ಪರದ ನೆರಳಲ್ಲಿ ನಲವತ್ತು ಹಾಳೆ ಹಾಸಿದಳು. ಒಂದು ತುಂಡಿನಲ್ಲಿ ಕೆಂಪು ದಾರದಿಂದ ರಫೂ ಮಾಡಿದ ಪುಟ್ಟ ತೇಪೆ ಇತ್ತು. ಕಪ್ಪಿನ ನಡುವೆ ಆ ಕೆಂಪು ಎಷ್ಟು ಚಂದ ಕಂಡಿತು ಅಂದರೆ, ಅದನ್ನು ಮಾತ್ರ ಬಿಡಿಸದೆ ಒಂದು ಹಾಳೆಯ ನಟ್ಟನಡುವೆ ಇಟ್ಟಳು.

ಮರುದಿನ ಬೀರೇಶನಿಗೆ ವಾರದ ರಜೆ. ಬೆಳಿಗ್ಗೆಯೇ ಚಹ ಕುಡಿದು ಹೊರಗೆ ಹೋಗಿದ್ದ. ನೀಲಾ ಹಾಳೆಗಳ ಬೆನ್ನಿಗೆ ಬಳಿಯಲು ಇನ್ನೊಂದು ಪಾತ್ರೆ ಗಂಜಿ ಒಲೆಯ ಮೇಲಿಟ್ಟು, ಮಾಳಿಗೆಗೆ ಹೋಗಿ ಹಾಳೆ ಬಿಡಿಸತೊಡಗಿದಳು. ಜೊತೆಗೆ ಬಂದು ಕೂತ ಸಾವಂತ್ರವ್ವನ ಕಣ್ಣು ಮಂಜು. ಆದರೆ ಹಾಳೆಯ ಮೇಲೆ ಬೆರಳಾಡಿಸಿ ಎಲ್ಲಿ ಗುಳ್ಳೆ ಎದ್ದಿದೆ ಅಂತ ಹೇಳುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಹದಿನೇಳನೆಯ ಹಾಳೆಯ ನಡುವೆ ಅವಳ ಬೆರಳು ನಿಂತಿತು. ಮುಂದೆ ಹೋಯಿತು, ಮತ್ತೆ ಹಿಂದೆ ಬಂತು.

"ನೀಲಾ, ಇದು ಕೆಂಪ ದಾರ ಏನ?"

"ಹೌದ್ರೀ ಅತ್ತಿ. ಚಂದ ಐತಿ ಅಂತ ಬಿಟ್ಟೀನಿ."

"ಇದು ನನ್ನ ಹೊಲಿಗಿ," ಅಂದಳು ಸಾವಂತ್ರವ್ವ. "ನಿಮ್ಮ ಮಾವನ ಚುಟ್ಟಾದ ಕಿಡಿ ಬಿದ್ದ ತೂತಾಗಿತ್ತು. ನಾನ ಹೊಲದಿದ್ದೆ. ಏಳ ಟಾಕಿ. ಎಣಿಸು."

ನೀಲಾ ಎಣಿಸಿದಳು. ಏಳು ಇದ್ದವು.

ಅವಳು ಕೆಳಗೆ ಓಡಿದಳು. ಟ್ರಂಕಿನ ಕೀಲಿ ಹಾಕಿದ್ದು ಹಾಕಿದ ಹಾಗೇ ಇತ್ತು. ಅತ್ತೆಯ ಸೊಂಟದ ಕೀಲಿ ತಗೊಂಡು ತೆಗೆದು ನೋಡಿದರೆ ಒಳಗೆ ಒಣಗಿದ ಬೇವಿನೆಲೆ, ತಳದಲ್ಲಿ ಒಂದಿಷ್ಟು ಅರಿಶಿನದ ಪುಡಿ. ಕಂಬಳಿ ಇರಲಿಲ್ಲ. ಮುಚ್ಚಳದ ಹಿಂದಿನ ಬಿಜಾಗರಿಗಳನ್ನು ಮೀಟಿ, ಮತ್ತೆ ತಟ್ಟಿ ಕೂಡಿಸಿದ ಗುರುತು ಕಂಡಿತು. ದಿನಾ ತಗಡಿನ ಜೊತೆ ಬಡಿದಾಡುವವನಿಗೆ ಅದೆಷ್ಟರ ಕೆಲಸ!

ನೀಲಾ ತಳದ ಅರಿಶಿನವನ್ನು ಬೆರಳಿಂದ ಮುಟ್ಟಿ ನೋಡಿದಳು. ಅಲ್ಲೇ ಕೂತಳು. ಸಾವಂತ್ರವ್ವ ಗೋಡೆ ಹಿಡಿದುಕೊಂಡು ಇಳಿದು ಬಂದಳು.

"ಅಂವ ಬರೂದ್ರಾಗ ಎಲ್ಲಾ ಹಾಳಿ ಟ್ರಂಕಿನ್ಯಾಗ ಇಡು," ಅಂತ ಪಿಸುಗುಟ್ಟಿದಳು. "ಒಂದ ಎಳಿ ಬಿಡದಂಗ ಎಲ್ಲಾ ಅದರಾಗ ಐತಿ. ಕಂಬಳಿ ಹೋಗಿಲ್ಲ, ಐತಿ ಅಂತ ಹೇಳೂಣು."

ನೀಲಾ ಎದ್ದು ನಲವತ್ತೂ ಹಾಳೆಗಳನ್ನು ಬಿಡಿಸಿ ತಂದು ಅಡುಗೆಮನೆಯಲ್ಲಿ ಪೇರಿಸಿದಳು. ಟ್ರಂಕಿಗೆ ಹಾಕುವಷ್ಟರಲ್ಲಿ ಬೀರೇಶ ಬಾಗಿಲಲ್ಲಿ ನಿಂತಿದ್ದ. ತೆರೆದ ಟ್ರಂಕು ನೋಡಿದ, ಹಾಳೆ ನೋಡಿದ, ಹೆಂಡತಿಯ ಮುಖ ನೋಡಿದ. ಮೂರು ವರ್ಷ ನಕ್ಕ ಅದೇ ನಗು ನಕ್ಕ. ನಿಧಾನಕ್ಕೆ ತನ್ನ ಬೆನ್ನ ಹಿಂದಿನ ಬಾಗಿಲಿನ ಚಿಲಕ ಹಾಕಿದ.

"ಕತ್ತರಿಸಿದಾಕಿ ಯಾರು?" ಅಂದ.

ನೀಲಾ ಹಾಳೆಗಳ ರಾಶಿಗೆ ಅಡ್ಡ ನಿಂತಳು.

"ಹೇಳ ಬೇ! ಎಳಿ ಎಳಿ ಬಿಡಿಸಿದಾಕಿ ಯಾರು? ಗಂಜಿ ಹಚ್ಚಿದಾಕಿ ಯಾರು? ನಾ ಬರೇ ನಾಕ ತುಂಡ ಮಾಡಿ ತಂದ ಕೊಟ್ಟೆ. ಕಂಬಳಿ ಮುಗಿಸಿದಾಕಿ ನೀನ."

"ಎಲ್ಲಾ ಇದರಾಗ ಐತ್ರಿ," ಅಂದಳು ನೀಲಾ. "ಒಂದ ಎಳಿನೂ ಹೊರಗ ಹೋಗಿಲ್ಲ. ಕಂಬಳಿ ಐತ್ರಿ."

"ಇದು ಕಂಬಳಿ?" ಬೀರೇಶ ಮೇಲಿನ ಹಾಳೆ ಎತ್ತಿ ತಾಯಿಯ ಮುಖಕ್ಕೆ ಹಿಡಿದ. "ಅವ್ವಾ, ನೀ ಹೇಳು. ಭರಮಪ್ಪ ನಿನ್ನ ಕೈಯಾಗ ಕೊಟ್ಟಿದ್ದ. ಭಂಡಾರದ ಮ್ಯಾಲೆ ಕೈ ಇಟ್ಟಂಗ ಹೇಳು. ಇದನ್ನ ಹೊದಿಯಾಕ ಬರ್ತೈತಿ? ಇದನ್ನ ಗುಡ್ಯಾಗ ಹಾಸತಾರು? ಇದು ಕಂಬಳಿನೋ, ಕಾಗದೋ?"

ಸಾವಂತ್ರವ್ವ ಹಾಳೆಯನ್ನು ಮುಟ್ಟಿದಳು. ಗರಿಗರಿಯಾಗಿತ್ತು. ಅವಳ ಮಂಜುಗಣ್ಣಲ್ಲಿ ನೀರು ತುಂಬಿತು. ಸುಳ್ಳು ಹೇಳಿದರೆ ಸೊಸೆ ಉಳಿಯುತ್ತಾಳೆ, ಆದರೆ ಭಂಡಾರದ ಹೆಸರಲ್ಲಿ ಸುಳ್ಳು ಹೇಳುವ ನಾಲಿಗೆ ಆ ಮುದುಕಿಗೆ ಇರಲಿಲ್ಲ. ಮಗನ ಕಡೆ ಅಲ್ಲ, ನೀಲಾ ನಿಂತ ಕಡೆ ಮುಖ ತಿರುಗಿಸಿದಳು.

"ಕಂಬಳಿ ಇಲ್ಲ," ಅಂದಳು ಗಟ್ಟಿಯಾಗಿ. "ಆಣಿ ಬಿತ್ತು."

ಬೀರೇಶನಿಗೆ ಬೇಕಾದದ್ದು ಅಷ್ಟೇ. ಮೂರು ವರ್ಷ ಕೆನ್ನೆಯ ಹತ್ತಿರ ಬಂದು ನಿಲ್ಲುತ್ತಿದ್ದ ಕೈ ಈಗ ನಿಲ್ಲಲಿಲ್ಲ. ಮೊದಲ ಏಟಿಗೇ ನೀಲಾಳ ತುಟಿ ಒಡೆಯಿತು. ಎರಡನೆಯದಕ್ಕೆ ಕಿವಿಯಲ್ಲಿ ಕುಂಯ್ ಅಂತ ಶುರುವಾದದ್ದು ನಿಲ್ಲಲೇ ಇಲ್ಲ. ಜಡೆ ಹಿಡಿದು ಗೋಡೆಗೆ ಒಗೆದ, ಬಿದ್ದವಳ ಪಕ್ಕೆಗೆ ಒದ್ದ. ಹಾಳೆಗಳು ಕಾಲಡಿ ಹರಡಿ ಚರಚರ ಸಿಗಿದವು. ಪ್ರತಿ ಏಟಿಗೂ "ಕೋಳಿ! ನಿನ್ನ ಬದಲಿ ಕೋಳಿ ಕುತ್ತಿಗಿ ತಿರುವೀನಿ, ಮೂರ ವರ್ಷ!" ಅನ್ನುತ್ತಿದ್ದ. ಅಡ್ಡ ಬಂದ ತಾಯಿಯನ್ನು ಮೊಣಕೈಯಿಂದ ನೂಕಿದ, ಅವಳು ಹೊಸ್ತಿಲಿಗೆ ಬಡಿದು ಬಿದ್ದಳು.

ನೀಲಾ ಎರಡೂ ಕೈಯಲ್ಲಿ ತಲೆ ಮುಚ್ಚಿಕೊಂಡಿದ್ದಳು, ಅಷ್ಟೇ. ಒಂದು ಸಲವೂ ತಿರುಗಿ ಕೈ ಎತ್ತಲಿಲ್ಲ. ಮೂರು ವರ್ಷದ ಆಣೆ ಅವಳ ರಟ್ಟೆಯೊಳಗೆ ಕೂತುಬಿಟ್ಟಿತ್ತು.

ಬೀರೇಶ ಮೂಲೆಯಲ್ಲಿದ್ದ ಗುಂಡುಕಲ್ಲು ಎತ್ತಿಕೊಂಡ. ಅದೇ ಕಲ್ಲು, ಹಟ್ಟಿಯಿಂದ ಟ್ರಂಕಿನ ಜೊತೆ ಬಂದದ್ದು. ಅವಳ ಬಲ ಮುಂಗೈಯನ್ನು ಎಳೆದು ಒಲೆಯ ಕಟ್ಟೆಯ ಮೇಲೆ ಇಟ್ಟು, ತನ್ನ ಎಡಗೈಯಿಂದ ಒತ್ತಿ ಹಿಡಿದ.

"ಹೇಳಿದ್ದೆನೋ ಇಲ್ಲೋ? ಮುಂದಿನ ಸಲ ಬಲಗೈ ಅಂತ. ನೋಡೂಣು, ಇನ್ನ ಮ್ಯಾಲೆ ಹೆಂಗ ಹಾಳಿ ಮಾಡ್ತಿ."

ಕಲ್ಲು ಮೇಲೆ ಹೋಯಿತು. ನೀಲಾ ತನ್ನ ಐದು ಬೆರಳು ನೋಡಿದಳು. ಉಗುರಿನ ಸಂದಿಯಲ್ಲಿ ಗಂಜಿ ಒಣಗಿ ಬೆಳ್ಳಗಾಗಿತ್ತು. ಹೊಸ್ತಿಲ ಹತ್ತಿರ ಬಿದ್ದಿದ್ದ ಅತ್ತೆ ತನ್ನ ಕಡೆಗೇ ಮುಖ ಮಾಡಿ ಇನ್ನೊಮ್ಮೆ ಕೂಗಿದ್ದು ಆಗ ಕೇಳಿಸಿತು.

"ಆಣಿ ಬಿತ್ತು ನೀಲವ್ವಾ!"

ಮುಂದೆ ನಡೆದದ್ದೆಲ್ಲ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ. ಒಲೆಯ ಮೇಲೆ ಗಂಜಿ ಗೊಟಗೊಟ ಕುದಿಯುತ್ತಲೇ ಇತ್ತು. ನೀಲಾ ಎಡಗೈ ಚಾಚಿ, ಮಡಚದ ಎರಡು ಬೆರಳನ್ನು ಪಾತ್ರೆಯ ಕಂಠದ ಕೆಳಗೆ ತೂರಿಸಿ, ಉಳಿದ ಮೂರರಿಂದ ಒತ್ತಿ ಹಿಡಿದು, ಇಡೀ ಪಾತ್ರೆಯನ್ನು ಅವನ ಮುಖಕ್ಕೆ ಮಗುಚಿದಳು. ಅವಳ ಬೆರಳೂ ಚುರ್ ಅಂದವು. ಸತ್ತ ಬೆರಳು ಅಂದುಕೊಂಡವು ಸತ್ತಿರಲಿಲ್ಲ.

ಹುಣಸೆ ಗಂಜಿ ನೀರಲ್ಲ, ಜಾರಿ ಹೋಗುವುದಿಲ್ಲ. ಹತ್ತಿದ ಕಡೆ ಹತ್ತಿಯೇ ಸುಡುತ್ತದೆ. ಬೀರೇಶ ಕಲ್ಲು ಬಿಟ್ಟ. ಅದು ಅವನ ಪಾದದ ಮೇಲೇ ಬಿತ್ತು. ಮುಖ ಒರೆಸಿಕೊಂಡಷ್ಟೂ ಚರ್ಮ ಕೈಗೆ ಬಂತು. ಅವನು ಕೂಗಿದ ಕೂಗಿಗೆ ಗಲ್ಲಿಯ ಮಗ್ಗಗಳ ಸದ್ದು ಒಂದೊಂದಾಗಿ ನಿಂತಿತು.

"ಅವ್ವಾ! ಕಣ್ಣ ಹೋದುವು! ನೀರ ಹಾಕ!" ನೆಲದ ಮೇಲೆ ಹೊರಳುತ್ತಲೇ ಹೆಂಡತಿಯ ಕಡೆ ಕೈ ಚಾಚಿದ. "ರಂಡೇ, ಆಣಿ ಮಾಡಿದ್ದಿ ನೀ! ಕಂಬಳಿ ಮುಟ್ಟಿ ಆಣಿ ಮಾಡಿದ್ದಿ, ಗಂಡನ ಮ್ಯಾಲೆ ಕೈ ಎತ್ತೂದಿಲ್ಲಂತ!"

ನೀಲಾ ಗುಂಡುಕಲ್ಲನ್ನು ಎತ್ತಿಕೊಂಡಳು. ಒಂಬತ್ತು ವರ್ಷದಲ್ಲಿ ಮೊದಲ ಸಲ ಗಂಡನನ್ನು ಏಕವಚನದಲ್ಲಿ ಮಾತಾಡಿಸಿದಳು.

"ಎಲ್ಲಿ ಐತೋ ಕಂಬಳಿ? ತೋರಸು."

ಅವನು ಕಲ್ಲು ತನ್ನ ತಲೆಯ ಮೇಲೆ ಇಳಿಯುತ್ತದೆ ಅಂತ ಎರಡೂ ತೋಳು ಅಡ್ಡ ಹಿಡಿದು ಮುದುಡಿದ. ಇಳಿಸಬೇಕು ಅನಿಸಿತ್ತು ಅವಳಿಗೆ, ಯಾಕೆ ಸುಳ್ಳು ಹೇಳಲಿ? ಕೋಳಿ, ಮಷೀನು, ಸೀರೆ, ಬೆರಳು ಎಲ್ಲ ಒಟ್ಟಿಗೇ ಕಣ್ಮುಂದೆ ಬಂದು ರಟ್ಟೆ ಕಲ್ಲಿನಷ್ಟೇ ಗಟ್ಟಿಯಾಗಿತ್ತು. ಅಷ್ಟರಲ್ಲಿ ಸಾವಂತ್ರವ್ವ ತೆವಳಿಕೊಂಡು ಬಂದು ಮಗನ ಮುಖದ ಮೇಲೆ ಕೊಡದ ನೀರು ಸುರಿದಳು. ಸುರಿಯುತ್ತ ಅತ್ತಳು. ಅಳುತ್ತಲೇ ಸೊಸೆಗೆ ಹೇಳಿದಳು.

"ಅಂವ ನನ್ನ ಹೊಟ್ಟ್ಯಾಗ ಹುಟ್ಟಿದಂವ, ನಾ ಬಿಡಾಕ ಬರೂದಿಲ್ಲ. ನೀ ಹೋಗವ್ವಾ. ಕಲ್ಲ ಅಲ್ಲಿಟ್ಟ ಹೋಗು."

ನೀಲಾ ಕಲ್ಲನ್ನು ಕಟ್ಟೆಯ ಮೇಲಿಟ್ಟಳು. ಹಾಳೆಗಳ ರಾಶಿಯಲ್ಲಿ ಕೆಂಪು ತೇಪೆಯದನ್ನು ಹುಡುಕಿ, ಅದನ್ನೊಂದು ಸುರುಳಿ ಸುತ್ತಿಕೊಂಡು, ಚಿಲಕ ತೆಗೆದು ಹೊರಗೆ ಬಂದಳು. ಗಲ್ಲಿಯ ಜನ ದಾರಿ ಬಿಟ್ಟರು. ಯಾರೋ ಗಂಡಸರು ಒಳಗೆ ಓಡಿದರು, ಬೀರೇಶನನ್ನು ದವಾಖಾನೆಗೆ ಒಯ್ಯಲು ರಿಕ್ಷಾ ಕರೆದರು.

ಬೆಳಗಾವಿಯಲ್ಲಿ ಠಾಣೆ ಇಲ್ಲವೇ? ಬೇಕಾದಷ್ಟಿವೆ. ಆದರೆ ನೀಲಾ ಖಾನಾಪುರದ ಬಸ್ಸು ಹತ್ತಿದಳು. ತುಳಿಯುವುದಿಲ್ಲ ಅಂತ ಆಣೆ ಮಾಡಿದ್ದು ಆ ಮೆಟ್ಟಿಲನ್ನು. ಬಾಜೂ ಕೂತ ಮರಾಠಿ ಹೆಂಗಸು ಅವಳ ಊದಿದ ಮುಖ, ಬೊಬ್ಬೆ ಎದ್ದ ಬೆರಳು ನೋಡಿ, ಏನಾಯಿತಮ್ಮ ಅನ್ನುವಂತೆ, "ಕಾಯ್ ಝಾಲಂ ಗ ಬಾಯಿ?" ಅಂತ ಕೇಳಿದಳು. ಮೂರು ವರ್ಷದ ಹಿಂದೆ ಹಟ್ಟಿಯಿಂದ ನಡೆದು ಬರುವಾಗ ದಾರಿಯಲ್ಲಿ ಇಂಥದೇ ಒಬ್ಬಳು ಕೇಳಿದಾಗ, ಬಿದ್ದೆ ಅಂತ ಹೇಳಿದ್ದಳು. ಈ ಸಲ ಗಂಡ ಹೊಡೆದ ಅಂತ ಮರಾಠಿಯಲ್ಲೇ ಹೇಳಿದಳು. ನಾನೂ ಹೊಡೆದೆ ಅಂತಲೂ ಹೇಳಿದಳು. ಆ ಹೆಂಗಸು ತನ್ನ ನೀರಿನ ಬಾಟಲಿ ತೆಗೆದು ಅವಳ ಬೆರಳಿನ ಮೇಲೆ ಹನಿಸುತ್ತ ಕೂತಳು.

ಠಾಣೆಯ ಮುಂದೆ ನಾಲ್ಕು ಮೆಟ್ಟಿಲು. ನೀಲಾ ಒಂದು ಗಳಿಗೆ ನಿಂತಳು. ಸುರುಳಿ ಬಿಚ್ಚಿ ಆ ಹಾಳೆಯನ್ನು ಒಮ್ಮೆ ಮುಟ್ಟಿ ನೋಡಿದಳು. ಕಾಗದವೇ. ಮಾವನ ಕಂಬಳಿ ಅಲ್ಲ. ಹತ್ತಿದಳು.

ಒಳಗೆ ಮೇಜಿನ ಹಿಂದೆ ಕೂತಿದ್ದ ಮಹಿಳಾ ಪೊಲೀಸು ಹಳೆಯ ಫೈಲು ತೆಗೆಸಿ ನೋಡಿದಳು. "ಆವಾಗ ಅರ್ಜಿ ಹಿಂದ ತಗೊಂಡೀರಲ್ಲ? ಈಗ ಮತ್ತ ಹಂಗ ಮಾಡೂದಿಲ್ಲಲಾ?"

"ಇಲ್ರೀ. ಹಿಂದ ತಗೋಸೂ ಕಂಬಳಿ ಈಗಿಲ್ಲ," ಅಂದಳು ನೀಲಾ. "ಮೊದಲ ಅಂವ ಮಾಡಿದ್ದ ಬರಕೋರಿ. ಎಡಗೈಯಿಂದ ಶುರು ಮಾಡ್ರಿ. ಆಮ್ಯಾಲ ನಾ ಮಾಡಿದ್ದೂ ಬರೀರಿ, ಕುದಿಯೂ ಗಂಜಿ ಮುಖಕ್ಕ ಸುರವೀನಿ. ನಂದೂ ಮುಚ್ಚಿಡೂದ ಬ್ಯಾಡ."

ಬರೆದು ಮುಗಿಯಲು ಒಂದು ತಾಸು ಹಿಡಿಯಿತು. ಕೊನೆಗೆ ಆ ಪೊಲೀಸು ಕಾಗದ ಮುಂದೆ ತಳ್ಳಿ, ಅವಳ ಸುಟ್ಟ ಕೈ ನೋಡಿ, ಶಾಯಿಯ ಡಬ್ಬಿ ತೆಗೆದಳು. "ಹೆಬ್ಬಟ್ಟ ಒತ್ತತೀರೇನು?"

ನೀಲಾ ಬಲಗೈಯ ಐದೂ ಬೆರಳನ್ನು ಒಮ್ಮೆ ಮಡಚಿ ಬಿಚ್ಚಿದಳು.

"ಪೆನ್ ಕೊಡ್ರಿ," ಅಂದಳು.